ಸುಮ್ಮನೆ ಕೂರದ ಶಲ್ಮತ್

ಶಲ್ಮತ್ ನಮ್ಮ ಓಣಿಯವಳು. ಎದೆಸ್ಸಾ ಪಟ್ಟಣದ ದಾರಿಯಲ್ಲಿರುವ ನಮ್ಮ ಪುಟ್ಟ ಊರಿನಲ್ಲಿ ಆಗ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಗಂಡ ಸತ್ತ ಮೇಲೆ ಅವಳನ್ನು ನಮ್ಮ ಕ್ರೈಸ್ತ ಸಭೆ ಸಾಕುವ ವಿಧವೆಯರ ಸಾಲಿಗೆ ಸೇರಿಸಿಕೊಂಡರು. ರೊಟ್ಟಿ, ಎಣ್ಣೆ ಸಭೆಯಿಂದ ಬರುತ್ತಿತ್ತು. ಅವಳು ಮನೆಯಲ್ಲಿ ಕೂತು ಎಲ್ಲರಿಗಾಗಿ ಪ್ರಾರ್ಥಿಸಬೇಕಿತ್ತು. ಆ ಕೂರುವುದೊಂದೇ ಅವಳ ಕೈಲಾಗುತ್ತಿರಲಿಲ್ಲ. ಯಾರಿಗೋ ಜ್ವರ, ಯಾರದೋ ಹೆರಿಗೆ ಎಂದು ಬೇಳೆಗಂಜಿಯ ಗಡಿಗೆ ಹೊತ್ತು ಹೊರಟೇಬಿಡುತ್ತಿದ್ದಳು.

ನಮ್ಮ ಧರ್ಮಾಧ್ಯಕ್ಷರಾದ ಗರ್ಮಾಯ್ ಅವರಿಗೆ ಇದು ಹಿಡಿಸಲಿಲ್ಲ. ಒಂದು ದಿನ ಓಣಿಯಲ್ಲೇ ತಡೆದು ನಿಲ್ಲಿಸಿದರು.

"ವಿಧವೆ ಅಂದ್ರೆ ದೇವರ ಬಲಿಪೀಠ ಕಣಮ್ಮಾ. ಬಲಿಪೀಠ ಎಲ್ಲಾದ್ರೂ ಮನೆಮನೆ ತಿರುಗುತ್ತಾ?"

"ಬಲಿಪೀಠಕ್ಕೆ ಹಸಿವಾಗಲ್ಲ ಅಯ್ಯಾ, ಪಕ್ಕದ್ಮನೆ ಮಗು ಅತ್ರೆ ಕೇಳಿಸೋದೂ ಇಲ್ಲ. ನನಗೆ ಎರಡೂ ಆಗುತ್ತೆ," ಎಂದವಳೇ ಗಂಜಿ ಆರುತ್ತದೆಂದು ನಡೆದಳು.

ಅವಳು ಹೋಗುತ್ತಿದ್ದ ಮನೆಗಳಲ್ಲಿ ಚರ್ಮದ ವ್ಯಾಪಾರಿ ಮಾನುವಿನದೂ ಒಂದು. ಅವನು ಚಂದ್ರದೇವರ ಭಕ್ತ. ಹೆಂಡತಿ ಬತ್ನಿಕಾಲ್‌ಗೆ ಮಾತ್ರ ನಮ್ಮ ದೇವರ ಮೇಲೆ ಮನಸ್ಸು. ಒಳಮನೆಗೆ ಪರಗಂಡಸರು ಕಾಲಿಡುವಂತಿರಲಿಲ್ಲ; ಹೀಗಾಗಿ ಸಭೆಯ ಬೋಧಕರಾರಿಗೂ ಅವಳಿಗೆ ಬೋಧಿಸಲು ಹೋಗಲಾಗಲಿಲ್ಲ. ಕೊನೆಗೆ ಅವಳ ಹಟಕ್ಕೆ ಮಾನು ಮಣಿದ. ದೀಕ್ಷಾಸ್ನಾನಕ್ಕೆ ನದಿಗೆ ಹೋಗಲಿ, ಆದರೆ ಒಬ್ಬ ಗಂಡಸಿನ ಕೈಯೂ ಅವಳ ಮೈಗೆ ತಾಗಕೂಡದು ಎಂದ.

ಮುಳುಗುವ ಮೊದಲು ಮೈಗೆಲ್ಲ ಎಣ್ಣೆ ಹಚ್ಚಬೇಕು. ಹೆಂಗಸರಿಗೆ ಅದನ್ನು ಹಚ್ಚುತ್ತಿದ್ದ ಸಭೆಯ ಸೇವಕಿ ಆ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಗರ್ಮಾಯ್ ದಡದಲ್ಲಿ ನಿಂತು ಬತ್ನಿಕಾಲ್‌ಳನ್ನು ನಂಬಿಕೆಯ ಬಗ್ಗೆ ಪ್ರಶ್ನಿಸಿದರು. ಎಲ್ಲಕ್ಕೂ ತಡವರಿಸದೆ ಉತ್ತರ ಬಂತು. ಯಾರು ಕಲಿಸಿದರೆಂದು ಕೇಳಿದಾಗ ಅವಳು ತಲೆ ತಗ್ಗಿಸಿದಳು. ವಿಧವೆಯರು ಬೋಧಿಸುವುದನ್ನು ಅವರು ನಿಷೇಧಿಸಿದ್ದು ನಮಗೆಲ್ಲ ಗೊತ್ತಿತ್ತು.

"ಉಣ್ಣೆ ಹಿಂಜ್ತಾ ಅದೂ ಇದೂ ಮಾತಾಡ್ತಿದ್ವಿ ಅಯ್ಯಾ, ಅಷ್ಟೇ," ಎಂದಳು ಶಲ್ಮತ್ ಹಿಂದಿನಿಂದ.

ಗರ್ಮಾಯ್ ಎಣ್ಣೆಯ ಬಟ್ಟಲನ್ನು ಅವಳ ಕೈಗಿತ್ತು, ಗಂಡಸರನ್ನೆಲ್ಲ ಕರೆದುಕೊಂಡು ಜೊಂಡಿನ ಆಚೆ ಹೋದರು. ಶಲ್ಮತ್ ಎಣ್ಣೆ ಹಚ್ಚತೊಡಗಿದಳು. ಬತ್ನಿಕಾಲ್ ನಗುತ್ತಾ, "ಕಚಗುಳಿ ಆಗ್ತಿದೆ ಅಕ್ಕ," ಎಂದಳು.

ಮುಂದಿನ ಭಾನುವಾರ ಗರ್ಮಾಯ್ ಶಲ್ಮತ್‌ಳ ತಲೆಯ ಮೇಲೆ ಕೈಯಿಟ್ಟು ಸಭೆಯ ಸೇವಕಿಯಾಗಿ ನೇಮಿಸಿದರು. ಆದರೆ ಸಭೆಯಲ್ಲಿ ಬೋಧಿಸುವ ಅಪ್ಪಣೆ ಮಾತ್ರ ಕೊನೆಯವರೆಗೂ ಸಿಗಲಿಲ್ಲ. ಆ ವಿಷಯಕ್ಕೆ ಇಬ್ಬರೂ ಮುದುಕರಾಗುವ ತನಕ ಜಗಳವಾಡಿದರು. ಗರ್ಮಾಯ್ ಹಾಸಿಗೆ ಹಿಡಿದಾಗ ಗಂಜಿ ಕುಡಿಸುವಾಗಲೂ ಅವಳು ಅದೇ ವಾದ ಮಾಡುತ್ತಿದ್ದಳು.

ಅವಳು ತೀರಿಕೊಂಡ ದಿನ, ನಮ್ಮ ಸಭೆಯ ಹೊಸ್ತಿಲು ಎಂದೂ ತುಳಿಯದ ಮಾನು ಬಂದು ಚಟ್ಟಕ್ಕೆ ಹೆಗಲು ಕೊಟ್ಟ.