ಎಸಿ ಮುಂದಿನ ನೊಣಗಳು

ನನ್ನ ತಲೆ ನರೆತಿದೆ. ಬಣ್ಣ ಹಚ್ಚುವುದಿಲ್ಲ. ಇದಕ್ಕೆ ಮನೆಯಲ್ಲಿ ದೊಡ್ಡ ರಾಮಾಯಣವೇ ಆಗಿದೆ.

ನಾವಿರುವುದು ಕುವೈತಿನಲ್ಲಿ; ನನ್ನ ಗಂಡ ಇಲ್ಲಿ ಎಸಿ ರಿಪೇರಿ ಮಾಡುವವರು. ಹೋದ ವರ್ಷ, ಮುಪ್ಪು ತಡೆಯುತ್ತದೆಂಬ ಆಂಟಿಆಕ್ಸಿಡೆಂಟ್ ಗುಳಿಗೆಗಳನ್ನೂ ಮಾರತೊಡಗಿದರು. ಪ್ರತಿ ಶುಕ್ರವಾರ, ರಜೆಯ ದಿನ, ಇಲ್ಲಿನ ಫರ್ವಾನಿಯಾ ಬಡಾವಣೆಯ ಗೆಳೆಯರ ಮನೆಯಲ್ಲಿ ನಮ್ಮ ಕಡೆಯವರು ಸೇರುತ್ತಾರೆ; ವ್ಯಾಪಾರವೂ ಅಲ್ಲೇ.

"ನೀನ ಹಿಂಗ ಮುದುಕಿಯಾಗಿ ಕುಂತ್ರ ನನ್ನ ಗುಳಿಗಿ ಯಾರು ತಗೋತಾರ?"

"ನಿಮ್ಮ ಗುಳಿಗಿ ಸಲುವಾಗಿ ನಾ ಹುಟ್ಟಿಲ್ಲ," ಎಂದೆ.

ಆಗಲೇ ಮಗಳು ಶಾಲೆಯ ಪ್ರಾಜೆಕ್ಟಿಗೆಂದು ಹಣ್ಣಿನ ನೊಣಗಳನ್ನು ಎರಡು ಬಾಟಲಿಗಳಲ್ಲಿ ಸಾಕಿದಳು. ಒಂದಕ್ಕೆ ಬರೀ ಬಾಳೆಹಣ್ಣು, ಇನ್ನೊಂದಕ್ಕೆ ಅಪ್ಪನ ಗುಳಿಗೆಯ ಪುಡಿ ಬೆರೆಸಿದ್ದು. ಕನ್ನಡ ತಿಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ. ನಾವು ಉಸಿರಾಡುವ ಆಮ್ಲಜನಕದಲ್ಲಿ ಒಂದಿಷ್ಟು ಪುಂಡಾಟಕ್ಕಿಳಿದು ಜೀವಕೋಶಗಳನ್ನು ಕೆಡಿಸುತ್ತದಂತೆ. ಗುಳಿಗೆಯಿಂದ ಅದನ್ನು ತಡೆದರೆ ಮುಪ್ಪು ತಡವಾದೀತೇ ಎಂದು ನೋಡುವುದಂತೆ. ಒಲೆ ಉರಿದರೆ ಕಿಡಿ ಹಾರದೆ ಇರುತ್ತದೆಯೇ ಎಂದುಕೊಂಡೆ ನಾನು.

ಬರೀ ಹಣ್ಣು ತಿಂದ ನೊಣಗಳು ಮೊದಲು ಸತ್ತವು. ಗಂಡನ ಮುಖ ಊರಗಲವಾಯಿತು. ಮಗಳು ನೊಣಗಳ ಲೆಕ್ಕ ಬರೆದಿದ್ದ ಚಾರ್ಟನ್ನು ಶುಕ್ರವಾರದ ಕೂಟದಲ್ಲಿ ತೂಗುಹಾಕುವುದೆಂದು ಹೊರಟರು.

ಮರುದಿನ ಮಗಳು ಶಾಲೆಯಲ್ಲಿದ್ದಾಗ ಗುಳಿಗೆ ತಿಂದ ನೊಣಗಳ ಬಾಟಲಿ ಮಲಗುವ ಕೋಣೆಯಲ್ಲಿ, ಎಸಿಯ ಮುಂದೆಯೇ ಕಂಡಿತು. ಮುಟ್ಟಿದರೆ ತಣ್ಣಗಿತ್ತು. ಅವಳು ಬಂದ ಮೇಲೆ ಕೇಳಿದೆ. ತಂಪಿನಲ್ಲಿ ನೊಣಗಳ ಆಯುಸ್ಸು ತಾನಾಗಿಯೇ ಹೆಚ್ಚುತ್ತದೆ ಎಂದಳು. ಚಾರ್ಟಿನ ಮೇಲೆ ತನ್ನ ಹೆಸರಿದೆ ಎಂದು ಅತ್ತಳು.

"ದಿನಾ ನಾನ ಇಡ್ತಿದ್ದೆ. ಸಾಲಿ ಪ್ರಾಜೆಕ್ಟಿಗೆ ಇಷ್ಟ್ಯಾಕ ಅಳೋದು? ಖಲಾಸ್," ಎಂದರು ರಾತ್ರಿ ಕೆಲಸದಿಂದ ಬಂದ ಗಂಡ.

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಕೂದಲಿನ ಮಾತು ಬಿಡಿ, ಮಗಳ ಹೆಸರಿನಲ್ಲಿ ಸುಳ್ಳು ಮಾರಲು ನಾನು ಬಿಡುವವಳಲ್ಲ.

ಶುಕ್ರವಾರ ಅವರು ಗೋಡೆಗೆ ಚಾರ್ಟು ಹಚ್ಚಿ ಮಾತು ಶುರುಮಾಡಿದರು. ನಾನು ನರೆತ ತಲೆಯಲ್ಲೇ ಎದ್ದು ನಿಂತೆ.

"ಆ ನೊಣ ಬದುಕಿದ್ದು ಗುಳಿಗಿಯಿಂದ ಅಲ್ರಿ, ಎಸಿ ಥಂಡಿಯಿಂದ. ನಮ್ಮನಿಯವರ ದಿನಾ ಎಸಿ ಮುಂದ ಇಡ್ತಿದ್ರು."

ಗಂಡ ನಕ್ಕರು. "ಇಕಿಗೆ ಈಗಿಂದನ ಅರಳು ಮರಳು ನೋಡ್ರಿ."

ಮಗಳು ಎದ್ದು ಹೋಗಿ ಚಾರ್ಟನ್ನು ಗೋಡೆಯಿಂದ ಕಿತ್ತಳು. ಮಂದಿಯ ಮುಂದೆ ಒಮ್ಮೆಯೂ ಕನ್ನಡ ಆಡದವಳು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಇಲ್ಲ ಪಪ್ಪಾ. ಮಮ್ಮಿ ಹೇಳಿದ್ದು ಖರೆ ಅದ."