ಮಾವನ ಮುದ್ರೆ, ಅಳಿಯನ ಚುಕ್ಕೆ

ಮೂವತ್ತೆಂಟು ವರ್ಷದಿಂದ ಲೇತ್ ಮುಂದೆ ನಿಂತು ಬೇಸ್‌ಬಾಲ್ ಬ್ಯಾಟು ಕಡೆಯುತ್ತಿದ್ದವರಿಗೆ ಕಾರ್ಖಾನೆಯವರು ಇಟ್ಟ ಹೆಸರು ಎಳೆಪಂಡಿತ. ಮರದ ಎಳೆ ನೋಡದೆ ಅವರು ಕುರ್ಚಿಯ ಮೇಲೂ ಕೂರುವವರಲ್ಲ. ಮಗಳ ಮದುವೆಯ ಮಾತಿಗೆ ಹೋದಾಗಲೂ ಹುಡುಗನ ಮುಖಕ್ಕಿಂತ ಹೆಚ್ಚು ಹೊತ್ತು ಆ ಮನೆಯ ಊಟದ ಮೇಜನ್ನೇ ನೋಡಿದ್ದರು. ಮೇಜು ಒಪ್ಪಿಗೆಯಾಯಿತು, ಹುಡುಗ ಆಗಲಿಲ್ಲ. ಅವರ ಒಪ್ಪಿಗೆಗೆ ಕಾಯದೆ ಮದುವೆ ಆಗಿಹೋಯಿತು.

ಅಳಿಯ ಅದೇ ಕಾರ್ಖಾನೆಯ ಬಣ್ಣದ ವಿಭಾಗದವನು. ಏನು ಕೇಳಿದರೂ ಅರ್ಧ ನಿಮಿಷ ಬಿಟ್ಟು ಉತ್ತರಿಸುವ ನಿಧಾನಿ. ಅವನ ತಲೆಯೊಳಗಿರುವುದು ಬರೀ ಮರದ ಹೊಟ್ಟು ಎಂದು ಪಂಡಿತರು ಊಟದ ಬಿಡುವಿನಲ್ಲಿ ಕೇಳಿದವರಿಗೂ ಕೇಳದವರಿಗೂ ಸಾರಿಕೊಂಡು ಬಂದಿದ್ದರು.

ಆ ವರ್ಷ ಬ್ಯಾಟಿಗೆ ಎಂದಿನ ಆಶ್ ಮರ ಸಿಗದೆ ಮೇಪಲ್ ಬಂತು. ಎರಡರ ಸ್ವಭಾವವೂ ಉತ್ತರ ದಕ್ಷಿಣ. ಆಶ್ ಬ್ಯಾಟು ಮುರಿಯುವ ಮುಂಚೆ ಚಕ್ಕೆ ಎದ್ದು, ಸೀಳು ಬಿಟ್ಟು, ನಾಲ್ಕು ದಿನ ಗೊಣಗುತ್ತದೆ. ಮೇಪಲ್ ಗಟ್ಟಿಯೇ, ಆದರೆ ಮುರಿದರೆ ಒಮ್ಮೆಲೇ ಎರಡು ತುಂಡಾಗಿ, ಒಂದು ಎದುರಿನವರ ಮೈಮೇಲೆ ಹಾರುತ್ತದೆ. ಅದಕ್ಕೇ ಆಶ್‌ನಲ್ಲಿ ಚೆಂಡು ಎಳೆಗಳು ಒತ್ತೊತ್ತಾಗಿ ನೆಟ್ಟಗೆ ಸಾಗುವ ಅಂಚಿಗೆ ತಗಲಬೇಕು, ಮೇಪಲ್‌ನಲ್ಲಿ ಎಳೆಗಳು ಅಗಲವಾಗಿ ಹರಡಿದ ಹರವಿಗೆ. ಆಡುವವರು ಎಳೆಯನ್ನೆಲ್ಲ ಎಲ್ಲಿ ನೋಡುತ್ತಾರೆ? ಕಾರ್ಖಾನೆಯ ಮುದ್ರೆ ಮೇಲೆ ಬರುವಂತೆ ಹಿಡಿದು ಬೀಸುತ್ತಾರೆ. ಆಗ ಚೆಂಡು ಬೀಳುವುದು ಮುದ್ರೆಯ ಮೇಲಲ್ಲ, ಅದರ ಪಕ್ಕದ ಮೈಗೆ; ಹಾಗಾಗಿ ಮುದ್ರೆಯನ್ನು ಆಶ್‌ಗೆ ಹರವಿನ ಮೇಲೆ, ಮೇಪಲ್‌ಗೆ ಅಂಚಿನ ಮೇಲೆ ಒತ್ತಬೇಕು.

ಪಂಡಿತರೇ ಕಡೆದು ಮುದ್ರೆ ಒತ್ತಿದ ಹನ್ನೆರಡು ಹೊಸ ಮೇಪಲ್ ಬ್ಯಾಟುಗಳಿಂದ ಲೇತ್ ವಿಭಾಗಕ್ಕೂ ಬಣ್ಣದ ವಿಭಾಗಕ್ಕೂ ಪಂದ್ಯ ಶುರುವಾಯಿತು. ಅವರು ಬೆಂಚಿನ ಮೇಲೆ ಕೂತು, ಒಂದು ಬ್ಯಾಟು ಎತ್ತಿಕೊಂಡು ಹೆಂಡತಿಗೆ ಅದರ ಹರವಿನ ಚೆಂದವನ್ನು ವರ್ಣಿಸತೊಡಗಿದರು. ಅರ್ಧಕ್ಕೇ ಮಾತು ನಿಂತಿತು. ಮುದ್ರೆ ಹರವಿನ ಮೇಲೇ ಕೂತಿತ್ತು. ಮರ ಬದಲಾದರೂ ಕೈ ಬದಲಾಗಿರಲಿಲ್ಲ. ಆಶ್‌ಗೆ ಒತ್ತುವ ಜಾಗದಲ್ಲೇ ಹನ್ನೆರಡಕ್ಕೂ ಒತ್ತಿಬಿಟ್ಟಿತ್ತು.

ತಲೆಯೆತ್ತಿದರೆ, ಚೆಂಡು ಎಸೆಯಲು ನಿಂತಿದ್ದವನು ಅಳಿಯ! ಅವನಿಗೆ ಪೆಟ್ಟಾದರೆ ಎಂಬ ಭಯ ಒಂದು. ಪೆಟ್ಟಾದರೆ ಮಾವ ಬೇಕೆಂದೇ ಮಾಡಿದ ಎಂದು ಇಡೀ ಕಾರ್ಖಾನೆ ಆಣೆಯಿಟ್ಟು ಹೇಳುತ್ತದೆ, ಮಗಳು ಜನ್ಮದಲ್ಲಿ ಮುಖ ನೋಡುವುದಿಲ್ಲ ಎಂಬ ಭಯ ಇನ್ನೊಂದು. ಎದ್ದವರೇ ಬಿದ್ದಂಬೀಳ ಓಡಿದರು. ಅಳಿಯನ ಜೊತೆ ಜಗಳಕ್ಕೆ ಹೊರಟಿದ್ದಾರೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಚೆಂಡು ಕೈಬಿಟ್ಟಿತ್ತು. ಫಟ್ ಎಂದು ಬ್ಯಾಟು ಮುರಿಯಿತು. ಪಂಡಿತರು ಅಳಿಯನನ್ನು ಕೆಡವಿ ಅವನ ಮೇಲೆಯೇ ಬಿದ್ದರು. ಹಾರಿ ಬಂದ ತುಂಡು, ದೇವರು ಮನುಷ್ಯನಿಗೆ ಮಾಂಸ ಧಾರಾಳವಾಗಿ ಕೊಟ್ಟಿರುವ ಜಾಗಕ್ಕೇ ಬಡಿಯಿತು.

ಪ್ರಾಣದ ಹಂಗು ತೊರೆದು ಅಳಿಯನನ್ನು ಉಳಿಸಿದ ಮಾವ ಎಂದು ಜನ ಹಾಡಿ ಹೊಗಳಿದರು. ಸುಮ್ಮನಿದ್ದಿದ್ದರೆ ಹೊಗಳಿಕೆ ಪಂಡಿತರ ಪಾಲಿಗೇ ಇರುತ್ತಿತ್ತು. ಆದರೆ ಅತ್ತ ಇನ್ನೊಬ್ಬ ಇನ್ನೊಂದು ಬ್ಯಾಟು ಎತ್ತಿಕೊಳ್ಳುತ್ತಿದ್ದ.

"ಆಟ ನಿಲ್ಸಿ," ಎಂದರು, ಬೋರಲು ಮಲಗಿದ್ದಲ್ಲಿಂದಲೇ. "ತಪ್ಪು ನಂದು. ಮುದ್ರೆ ತಪ್ಪು ಕಡೆ ಒತ್ತಿದೀನಿ, ಎಲ್ಲಾದಕ್ಕೂ. ತಗೊಂಡೋಗಿ ಸುಟ್ಟುಬಿಡಿ."

ಅಳಿಯ ತನ್ನ ಅರ್ಧ ನಿಮಿಷ ತೆಗೆದುಕೊಂಡ.

"ಸುಡೋದ್ಯಾಕೆ ಮಾವ? ಕಾಲು ಸುತ್ತು ತಿರುಗಿಸಿ ಹಿಡಿದ್ರೆ ಆಯ್ತಲ್ಲ."

ಹೇಳಿ ಸುಮ್ಮನಾಗಲಿಲ್ಲ. ಕೆಂಪು ಬಣ್ಣ ತರಿಸಿ, ಮೇಲೆ ಬರಬೇಕಾದ ಕಡೆಗೆ ಹನ್ನೊಂದು ಬ್ಯಾಟಿಗೂ ಒಂದೊಂದು ಚುಕ್ಕೆ ಇಟ್ಟ. ಪಂಡಿತರು ಮಲಗಿದ್ದಲ್ಲೇ ಒಂದೊಂದನ್ನೂ ತರಿಸಿ ಎಳೆ ನೋಡಿದರು. ಒಂದು ಚುಕ್ಕೆಯೂ ತಪ್ಪಿರಲಿಲ್ಲ. ಮೂರು ಸಲ ಕೆಮ್ಮಿದರು.

"ನಿನ್ನ ವಿಷ್ಯದಲ್ಲೂ ನಂದೇ ತಪ್ಪು ಕಣಪ್ಪ," ಎಂದರು ಹುಲ್ಲಿನ ಕಡೆಗೆ ಮುಖ ಮಾಡಿ.

ಹೆಂಡತಿ ಬಗ್ಗಿ ಹೇಳಿದರು: "ಇನ್ನೂ ಸ್ವಲ್ಪ ಜೋರಾಗಿ ಹೇಳಿ. ಮಗಳು ಆ ಕೊನೇಲಿ ಕೂತಿದಾಳೆ."

ಪಂಡಿತರು ಮುಖವೆತ್ತಿ, ಜೋರಾಗಿಯೇ ಹೇಳಿದರು.