ಬೈಗುಳದಣ್ಣ
ಪ್ರಯೋಗಾಲಯದವರೆಲ್ಲ ಅವನನ್ನು ಕರೆಯುವುದು ಬೈಗುಳದಣ್ಣ ಎಂದೇ. ಪಾರ್ಕಿನ್ಸನ್ ಕಾಯಿಲೆಯಿಂದ ತೀರಿಕೊಂಡವರು ದಾನ ಕೊಟ್ಟ ಮಿದುಳನ್ನು ಹಾಳೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಗಾಜಿನ ಮೇಲಿಟ್ಟು ನೋಡುವುದು ಮೂವತ್ತು ವರ್ಷಗಳಿಂದ ಅವನ ಕೆಲಸ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟನೆಂದರೆ, ಕಸ ಗುಡಿಸಿ ಮಿದುಳನ್ನು ಕಾಯಬೇಕಾದ ರಕ್ಷಕ ಕೋಶಗಳಿಗೆ ಛೀಮಾರಿ ಶುರು. “ಮನೆ ಗುಡಿಸ್ರೋ ಅಂದ್ರೆ ಮನೆಗೇ ಬೆಂಕಿ ಇಟ್ರಲ್ರೋ! ಕೈಕಾಲು ಆಡಿಸೋ ನರಕೋಶಗಳು ನಿಮಗೇನ್ರೋ ಮಾಡಿದ್ವು?” ಆ ಕೋಶಗಳು ಎಬ್ಬಿಸಿದ ಉರಿಯೂತ ಹೆಚ್ಚು ಕಂಡಷ್ಟೂ ಅವನ ದನಿ ಏರುತ್ತದೆ. ಊದಿಕೊಂಡ ಕೋಶವೊಂದು ಕಂಡರಂತೂ, “ಕಾಯೋ ಕೆಲ್ಸ ಬಿಟ್ಟು ತಿಂದು ತಿಂದು ಹೆಂಗೆ ಊದಿದಾನೆ ನೋಡಿ” ಎಂದು ಪಕ್ಕದವರನ್ನು ಕರೆದು ತೋರಿಸುತ್ತಾನೆ. ಮೇಜಿನ ಮೇಲಿನ ಚಹಾ ಆರುತ್ತದೆ, ಅವನ ಸಿಟ್ಟು ಆರುವುದಿಲ್ಲ. ಕಳೆದ ವರ್ಷ ಅವನ ಅಕ್ಕನೂ ಇದೇ ಕಾಯಿಲೆಯಲ್ಲಿ ತೀರಿಕೊಂಡಳು. ಅವಳ ಮಿದುಳೂ ಇಲ್ಲಿಗೇ ಬಂತು. ಗಾಜಿನ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಯಾವುದು ಯಾರದೆಂದು ನೋಡುವವನಿಗೆ ತಿಳಿಯಕೂಡದು, ಅದು ನಿಯಮ. ನಿಯಮವನ್ನು ಅವನು ಮುರಿದಿಲ್ಲ. ಬೈಗುಳವನ್ನೂ ಬಿಟ್ಟಿಲ್ಲ. ಆದರೆ ಈಗ ಪ್ರತಿಯೊಂದು ಗಾಜನ್ನೂ ಮೊದಲು ಅಂಗೈಯಲ್ಲಿ ಒಂದು ಗಳಿಗೆ ಹಿಡಿದುಕೊಂಡು, “ಅಕ್ಕಾ, ನಾನು ಬೈಯೋದು ನಿಂಗಲ್ಲ” ಎಂದು ಹೇಳಿಯೇ ಶುರುಮಾಡುತ್ತಾನೆ.